ಎರಡು ಸಾಲಿನ ಅಂಕಿ

"ನೂರು!" ಎಂದಳು ಗುಂಗುರು ಕೂದಲಿನ ಹುಡುಗಿ, ಎಲ್ಲರ ಬಾಯಲ್ಲಿ ಗುಂಗುರು. ಮಂಚದ ಮೇಲೆ ಅಂಗಾತ ಮಲಗಿದ್ದ ಅಂಚೆಯಣ್ಣನ ಮುಖ ಊರಗಲವಾಯಿತು.

"ನೂರಾ? ಹಾಗಾದ್ರೆ ಇವತ್ತು ಸೈಕಲ್ಲು! ಮಂಡಿ ಆಪರೇಷನ್ ಆದ್ಮೇಲೆ ಕೇಳಿದ ಮೊದಲ್ನೇ ಒಳ್ಳೆ ಸುದ್ದಿ."

ಕಾಲ್ದೆಸೆಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದ ಅವಳ ಸಹಪಾಠಿಯ ಪೆನ್ನು ನಿಂತಿತು. ಮಂಡಿ ಎಷ್ಟು ಬಾಗುತ್ತದೆಂದು ಅಳೆಯುವ ಆ ಪ್ಲಾಸ್ಟಿಕ್ ಮಾಪಕದಲ್ಲಿ ಅಂಕಿಗಳು ಎರಡು ಸಾಲು. ಒಂದು ಎಡದಿಂದ ಏರಿದರೆ ಇನ್ನೊಂದು ಬಲದಿಂದ. ಎಂಬತ್ತರ ತಲೆಯ ಮೇಲೇ ನೂರು ಕೂತಿರುತ್ತದೆ. ಗುಂಗುರು ಓದಿದ್ದು ತಪ್ಪು ಸಾಲು; ಮಂಡಿ ಬಾಗಿದ್ದು ಎಂಬತ್ತೇ ಡಿಗ್ರಿ. ನೂರಾಗದೆ ವ್ಯಾಯಾಮದ ಸೈಕಲ್ ಹತ್ತಿಸುವಂತಿಲ್ಲ.

ಹೇಳಲೆಂದು, ಬರೆಯುತ್ತಿದ್ದವಳು ಬಾಯಿ ತೆರೆದಳು. ಮುಚ್ಚಿದಳು.

ಕೆಲಸ ನೋಡಿ ಕಲಿಯಲೆಂದು ಕಾಲೇಜಿನಿಂದ ಇಬ್ಬರೂ ಈ ಫಿಸಿಯೋಥೆರಪಿ ಕೇಂದ್ರಕ್ಕೆ ಬಂದು ಮೂರು ವಾರ. ರಜೆಯಲ್ಲಿ ಕೆಲಸಕ್ಕೆ ಒಬ್ಬಳನ್ನಷ್ಟೇ ಉಳಿಸಿಕೊಳ್ಳುತ್ತೇನೆಂದು ಫಿಸಿಯೋ ಮೇಡಂ ಮೊದಲ ದಿನವೇ ಹೇಳಿದ್ದರು. ತಾನಾಗಲೇ ಎರಡು ನೋಟ್‌ಬುಕ್ ತುಂಬಿಸಿದ್ದಳು. ಗುಂಗುರು ಒಂದಕ್ಷರ ಬರೆದವಳಲ್ಲ. ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಕಾಲಿಗಿಟ್ಟು, "ನೋವಾದ್ರೆ ಬೈದುಬಿಡಿ ಅಂಕಲ್" ಅನ್ನುವಳು. ಅಷ್ಟಕ್ಕೇ ಅಂಚೆಯಣ್ಣನಿಗೆ ಅವಳು "ಮಗಳೇ" ಆಗಿಬಿಟ್ಟಿದ್ದಳು. ತಾನು ಮಾತ್ರ "ಪುಸ್ತಕದಮ್ಮ". ಆ ಹೆಸರಿಗೆ ಮೇಡಂ ಕೂಡ ನಕ್ಕಿದ್ದನ್ನು ಅವಳು ಇನ್ನೂ ಮರೆತಿರಲಿಲ್ಲ.

ಮೇಡಂ ಬರಲಿ, ಅವರೇ ಅಳೆದು ನೋಡಲಿ, ಅಂದುಕೊಂಡಳು.

ಮೇಡಂ ಬಂದರು. ಕಿವಿಗೆ ಫೋನು, ಕಣ್ಣು ಪಕ್ಕದ ಮಂಚದ ಮೇಲೆ. "ನೂರಾಯ್ತಾ? ಭೇಷ್. ನಿಧಾನಕ್ಕೆ ಸೈಕಲ್ ಹತ್ತಿಸಿ," ಅಂದು ಪರದೆಯಾಚೆ ಹೊರಟೇಬಿಟ್ಟರು. ಅಳೆಯಲೇ ಇಲ್ಲ.

ಮೂಲೆಯ ಸೈಕಲ್ಲಿಗೆ ಚಕ್ರವಿಲ್ಲ. ಅಂಚೆಯಣ್ಣ ಅದನ್ನೇರಿ ಇಲ್ಲದ ಬೆಲ್ಲು ಬಾರಿಸಿದ. "ಟಪಾಲ್! ಯಾರ ಮನೆಗೆ ಮೊದಲು?" ಗುಂಗುರು ನಕ್ಕಳು. ಪೆಡಲಿನೊಂದಿಗೆ ಆಪರೇಷನ್ ಆದ ಕಾಲು ಮೇಲೇರತೊಡಗಿತು. ಹಿಡಿಕೆಯ ಮೇಲೆ ಅವನ ಬೆರಳ ಗೆಣ್ಣುಗಳು ಬಿಳಿಚಿದವು; ನಗು ಮಾತ್ರ ಹಾಗೇ ಇತ್ತು.

"ನಿಲ್ಲಿಸಿ! ಎಂಬತ್ತೇ ಆಗಿರೋದು!"

ತನ್ನದೇ ದನಿ ಇಷ್ಟು ಜೋರಾಗಿ ಅವಳು ಎಂದೂ ಕೇಳಿರಲಿಲ್ಲ. ಗುಂಗುರು ಪೆಡಲನ್ನು ಗಟ್ಟಿಯಾಗಿ ಹಿಡಿದಳು. ಮೇಡಂ ಓಡಿಬಂದರು, ಅಂಚೆಯಣ್ಣನನ್ನು ಮಂಚಕ್ಕೆ ಮರಳಿಸಿದರು, ಅಳೆದರು.

"ನನ್ನ ತಪ್ಪು ಮೇಡಂ. ಸಾಲು ತಪ್ಪಿ ಓದಿದೆ." ಗುಂಗುರುವಿನ ಕಣ್ಣು ತುಂಬಿತು.

ಇದನ್ನು ನೋಡಲೆಂದೇ ಪುಸ್ತಕದಮ್ಮ ಕಾದಿದ್ದು. ಮೇಡಂ ಅವಳತ್ತ ತಿರುಗಿದರು.

"ನಿನಗೆ ಯಾವಾಗ ಗೊತ್ತಾಯ್ತು?"

"ಆಗಲೇ... ಅವರಿನ್ನೂ ಮಂಚದ ಮೇಲಿದ್ದಾಗ."

ಮೇಡಂ ಮಾಪಕವನ್ನು ಅವಳ ಕೈಗಿತ್ತರು. "ಇನ್ನೊಂದ್ಸಲ ನೀನು ಅಳೆ."

ಮೂರು ವಾರದಲ್ಲಿ ರೋಗಿಯೊಬ್ಬರನ್ನು ಮುಟ್ಟಿದ್ದು ಅದೇ ಮೊದಲು. "ಅಯ್ಯಪ್ಪಾ, ಕೈಯೋ ಐಸೋ!" ಅಂಚೆಯಣ್ಣ ಕಾಲೆಳೆದುಕೊಂಡ. ಅಂಗೈ ಉಜ್ಜಿಕೊಳ್ಳಬೇಕೆಂದು ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇತ್ತು. ಉಜ್ಜಿದಳು. ಸರಿಯಾದ ಸಾಲು ಹುಡುಕಿ ಓದಿದಳು.

"ಎಂಬತ್ತೊಂದು."

ಅಂಚೆಯಣ್ಣ ಅವಳ ಭುಜದಾಚೆ ನೋಡಿದ. "ಹೌದೇನು ಮಗಳೇ?"

ಗುಂಗುರು ಮೂಗೊರೆಸಿಕೊಂಡು ಬಗ್ಗಿ ನೋಡಿದಳು. "ಹೌದು ಅಂಕಲ್. ಸರಿಯಾಗಿದೆ."

ಆಮೇಲಷ್ಟೇ ಅವನು ದಿಂಬಿಗೆ ತಲೆ ಕೊಟ್ಟ.