ಕೋರೆ ಬರೆಯದ ಬೀಜ

ಫೋನು ಬಂದಾಗ ನಜೀಬುಲ್ಲಾ ಸಾಹೇಬರು ರೇಷ್ಮೆಗೂಡು ಆರಿಸುತ್ತ ಕೂತಿದ್ದರು. ವಿಜಯಪುರದಲ್ಲಿ ನಲವತ್ತು ವರ್ಷ ರೇಷ್ಮೆ ಬಿಚ್ಚಿದ ಕೈ. ಗೂಡಿನ ಮೇಲೆ ಕಲೆ ಕಂಡರೆ ಸಾಕು, ಬದಿಗೆ ಎಸೆಯುತ್ತಿತ್ತು. ಎರಡನೆಯ ಸಲ ನೋಡುವ ಅಭ್ಯಾಸ ಅದಕ್ಕಿರಲಿಲ್ಲ. ದಾಬಸ್‌ಪೇಟೆಯ ಹತ್ತಿರ ಹೆದ್ದಾರಿಯಲ್ಲಿ ಬೈಕೊಂದು ಲಾರಿಯ ಕೆಳಗೆ ಸಿಕ್ಕಿದೆ, ಸವಾರನ ಜೇಬಿನಲ್ಲಿ ಗೋದಾಮಿನ ಗುರುತಿನ ಚೀಟಿ ಇದೆ, ಹೆಸರು ಅರ್ಮಾನ್ ಎಂದಿದೆ ಎಂದು ಯಾರೋ ಪೊಲೀಸಿನವರು ಹೇಳಿದರು. "ನಿಮಗೇನಾಗಬೇಕು?" ಎಂದು ಕೇಳಿದರು. ಹಿಡಿದಿದ್ದ ಗೂಡನ್ನು ಎಸೆಯಬೇಕೋ ಇಡಬೇಕೋ ತಿಳಿಯದೆ ಸಾಹೇಬರು, "ಮಗ" ಎಂದರು.

ಅದು ಗುರುವಾರ. ತಂದೆ ಮಗ ಬಾಯಿಬಿಟ್ಟು ಮಾತಾಡಿದ್ದು ಅದಕ್ಕೆ ಮೊದಲಿನ ಭಾನುವಾರ. ನಡುವೆ ಆಡಿದ್ದು ಸಕ್ಕರೆ ತೀರಿದೆ, ಗೇಟಿಗೆ ಬೀಗ ಹಾಕು ಎನ್ನುವಂಥವೇ.

ಭಾನುವಾರ ಬಂತೆಂದರೆ ಮನೆಯ ಮಾಳಿಗೆಯ ಮೇಲೆ ಆ ಆಟ. ಸಾಹೇಬರಿಗೆ ಅದರ ಹೆಸರೆತ್ತಿದರೇ ಮೈ ಉರಿಯುತ್ತಿತ್ತು. ಗಡ್ಡ ಬಂದ ನಾಲ್ಕು ಗಂಡಸರು ಚಾಪೆ ಹಾಸಿ ಕೂರುವುದು. ಅರ್ಮಾನ್ ಕಥೆ ಕಟ್ಟುವುದು. ಮಿಕ್ಕವರು ತಾವು ಕತ್ತಿಯ ವೀರರು, ಮಂತ್ರವಾದಿಗಳು ಎಂದುಕೊಂಡು ಕಥೆಯೊಳಗೆ ನುಗ್ಗುವುದು. ಕತ್ತಿ ತಗುಲಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುವುದು. ಗುಹೆಯಲ್ಲಿ ಕೋರೆಹಲ್ಲಿನ ರಾಕ್ಷಸರು ಇರುತ್ತಾರಂತೆ, ಅವರು ಮನುಷ್ಯರ ಹಾಗೆ ಎರಡು ಕಾಲಲ್ಲಿ ನಡೆಯುತ್ತಾರಂತೆ, ಮಾತಾಡುತ್ತಾರಂತೆ. ಇಪ್ಪತ್ತಾರು ತುಂಬಿದ ಮಗ ಇಂಥದ್ದರಲ್ಲಿ ಮುಳುಗಿದ್ದಾನೆಂದು ಮಸೀದಿಯಲ್ಲಿ ಹೇಳಿಕೊಳ್ಳಲು ಅವರಿಗೆ ನಾಚಿಕೆ.

ಅಂದು ಅರ್ಮಾನ್ ಆಟದ ನಡುವೆ ಇಳಿದು ಬಂದು ಸಾಹೇಬರು ಗೂಡು ಬೇಯಿಸುತ್ತಿದ್ದ ಒಲೆಯ ಬಳಿ ನಿಂತಿದ್ದ.

"ಅಬ್ಬಾ, ಹುಟ್ತಾನೇ ಕೆಟ್ಟೋರು ಅಂತ ಇರ್ತಾರಾ?"

"ಯಾರು?"

"ನಮ್ಮಾಟದ ರಾಕ್ಷಸರು. ಗುಹೇಲಿ ಅವರದೊಂದು ಮಗು ಸಿಕ್ಕಿದೆ. ಖಲೀಲ್ ಕೊಂದ್ಬಿಡೋಣ ಅಂತಾನೆ. ನಿಯಮದ ಪುಸ್ತಕದಲ್ಲೇ ಇದೆಯಂತೆ, ಆ ಜಾತೀನೇ ಕೆಟ್ಟದ್ದು ಅಂತ."

ಸಾಹೇಬರು ತಲೆ ಎತ್ತಲಿಲ್ಲ. "ಹುಟ್ತಾ ಕೆಟ್ಟೋರು ಇದಾರೋ ಇಲ್ವೋ, ಆ ಪುಸ್ತಕಾನೇ ಕೇಳು. ಹುಟ್ತಾ ದಂಡ ಆದೋನು ಒಬ್ಬ ನನ್ನ ಮುಂದೇನೇ ನಿಂತಿದಾನೆ."

ಅರ್ಮಾನ್ ಮೆಟ್ಟಿಲು ಹತ್ತಿ ಹೋದ.

ಅರ್ಮಾನನನ್ನು ಮಣ್ಣು ಮಾಡಿದ ಮೂರನೆಯ ದಿನ ಜಿಯಾರತ್, ಸತ್ತವನಿಗಾಗಿ ಕೂತು ಓದುವ ದಿನ. ಸಂಜೆಯ ಅಸರ್ ನಮಾಝು ಮುಗಿಸಿ ಜನ ಬಂದು ಕೂತರು. ನಡುವೆ ಬಿಳಿಯ ಬಟ್ಟೆ ಹಾಸಿ ಅದರ ಮೇಲೆ ಹುಣಸೆಬೀಜ ಸುರಿದಿತ್ತು. ಒಂದು ಬೀಜ ಎತ್ತುವುದು, ಸತ್ತವನ ಹೆಸರಿನಲ್ಲಿ ಒಂದು ಕಲಿಮಾ ಓದುವುದು, ಓದಿದ್ದನ್ನು ಆಚೆಗೆ ಹಾಕುವುದು. ಸಾಹೇಬರ ತಾಯಿಯ ಕಾಲದ ಬೀಜಗಳು, ಎಷ್ಟು ಸಾವು ಕಂಡು ನುಣುಪಾಗಿದ್ದವೋ. ಬಂದವರಲ್ಲಿ ಒಬ್ಬ ಓದುತ್ತಲೇ ಅಡುಗೆಯ ಕಡೆ ಮೂಗರಳಿಸುತ್ತಿದ್ದ. ಇನ್ನೊಬ್ಬ ಒಂದು ಕಲಿಮಾಕ್ಕೆ ಮೂರು ಬೀಜ ದಾಟಿಸುತ್ತಿದ್ದ. ಸಾಹೇಬರು ಎರಡನ್ನೂ ನೋಡಿದರು. ಇಂಥವರ ಎದುರಿಗೆ ಅಳಬಾರದೆಂದು ಕೂತಿದ್ದರು.

"ಯಾ ಅಲ್ಲಾ! ಮಾಮು, ಇದಕ್ಕೆ ಕಣ್ಣಿದೆ!"

ಕೂಗಿದವನು ಖಲೀಲ್, ಸಾಹೇಬರ ತಂಗಿಯ ಮಗ, ಹೊಸಕೋಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಅವನ ಅಂಗೈಯಲ್ಲಿದ್ದ ಬೀಜದ ಮೇಲೆ ಬಿಳಿ ಬಣ್ಣದಲ್ಲಿ ಎರಡು ಕಣ್ಣು, ಕೆಳಗೆ ಎರಡು ಕೋರೆಹಲ್ಲು. ಕೆದಕಿದರೆ ಇನ್ನೊಂದು, ಮತ್ತೊಂದು. ಓದಿ ಹಾಕಿದ ರಾಶಿಯಲ್ಲೂ ಹತ್ತಾರು ಇಣುಕುತ್ತಿದ್ದವು.

ಪರದೆಯ ಹಿಂದಿನಿಂದ ಅರ್ಮಾನನ ತಾಯಿ ಶಂಶುನ್ನೀಸಾ ಹೇಳಿದರು: "ಬೀಜ ಕಮ್ಮಿ ಬಿತ್ತು. ಅರ್ಮಾನನ ಶೆಲ್ಫಲ್ಲಿ ಇನ್ನೊಂದು ಡಬ್ಬಿ ಸಿಕ್ತು, ಸುರಿದ್ಬಿಟ್ಟೆ. ನಂಗೆ ಕಣ್ಣೆಲ್ಲಿ ಕಾಣುತ್ತೆ?"

"ತೋಬಾ, ತೋಬಾ! ಆಟದಲ್ಲಿ ಚಾಪೆ ಮೇಲಿಡೋ ರಾಕ್ಷಸರು ಇವು. ಶೈತಾನ್ ಮೂತಿ ಮೇಲೆ ಕಲಿಮಾ ಓದಿದ್ವಲ್ಲ!" ಖಲೀಲ್ ಬಟ್ಟೆಯ ಮೂಲೆ ಹಿಡಿದ. "ಬಿಡಿ ಮಾಮು, ಎಲ್ಲಾ ಒಟ್ಟಿಗೆ ಒಲೆಗೆ ಹಾಕ್ತೀನಿ."

ಬಾಗಿಲ ಬಳಿ ಕೂತಿದ್ದ ಮನೋಹರ್ ಎದ್ದ. ಅರ್ಮಾನನ ಜೊತೆ ಗೋದಾಮಿನಲ್ಲಿ ದುಡಿಯುತ್ತಿದ್ದವನು, ಭಾನುವಾರದ ಆಟಕ್ಕೂ ಬರುತ್ತಿದ್ದವನು. ಮೂರು ದಿನದಿಂದ ಮನೆಗೆ ಹೋಗಿರಲಿಲ್ಲ. "ಕೈ ತೆಗಿ ಗುರು. ಅದನ್ನ ಒಂದೊಂದೇ ಕೂತು ಬರೆದೋನು ಅವನು."

"ಬರೆದಿದ್ದು ಯಾಕೋ? ನಾವು ಕೊಲ್ಲೋಕೆ. ರಾಕ್ಷಸ ಅಂದ್ಮೇಲೆ ಕೆಟ್ಟೋನೇ, ಮುಗೀತು. ಅದೂ ಗೊತ್ತಿಲ್ಲ ಅಂದ್ರೆ ಆಡೋದು ಹೆಂಗೆ? ಪ್ರತಿಯೊಂದಕ್ಕೂ ನಿಂತು ನಿಮ್ಮಪ್ಪ ಯಾರು, ನಮಾಝ್ ಮಾಡ್ತೀಯಾ ಅಂತ ಕೇಳ್ಬೇಕಾ?"

"ಹಿಂಗೇ ಒದರಿ ತಾನೆ ಅವತ್ತು ಆಟ ಬಿಟ್ಟು ಚಪ್ಪಲಿ ಮೆಟ್ಕೊಂಡು ಹೋಗಿದ್ದು? ನೀನು ಹೋದ್ಮೇಲೆ ಅವನು ವಾಪಸ್ ಬಂದ. ಅವರಬ್ಬಾನ್ನ ಕೇಳೋಕೆ ಇಳಿದಿದ್ನಲ್ಲ."

ಸಾಹೇಬರ ಕೈಯ ಬೀಜ ಅಲ್ಲೇ ನಿಂತಿತು. ತಾನು ಮಗನಿಗೆ ಅಂದದ್ದೆಲ್ಲ ಈ ಹುಡುಗನಿಗೆ ಗೊತ್ತು, ಈಗ ಎಲ್ಲರೆದುರು ಆಡಿಬಿಡುತ್ತಾನೆ ಎಂದುಕೊಂಡರು. ಆದರೂ ಕೇಳಿದರು. "ಬಂದು ಏನಂದ?"

"ಅಬ್ಬಾನ್ನ ಕೇಳ್ದೆ, ಹುಟ್ತಾ ಕೆಟ್ಟೋರು ಯಾರೂ ಇಲ್ಲ ಅಂದ್ರು, ಅಂದ ಅಂಕಲ್. ನಮ್ಮಬ್ಬಾ ತಿಳಿದೋರು, ಮಸೀದೀಲಿ ಮಕ್ಕಳಿಗೆ ಪಾಠ ಹೇಳ್ದೋರು, ಇನ್ನು ಮಾತು ಬೇಡ ಅಂದ. ಮಗೂನ ಬಿಟ್ಟ."

ಖಲೀಲ್ ಹುಬ್ಬೇರಿಸಿದ. "ಮಾಮು, ನೀವಾ? ಈ ಆಟಕ್ಕೆ ಉಗೀತಿದ್ದೋರು? ನಿಜ ಹಂಗಂದ್ರಾ?"

ಹೌದು ಎಂದರೆ ಮುಗಿಯುತ್ತಿತ್ತು. ಮಗನೇ ಆ ಮಾತನ್ನು ಅವರ ಬಾಯಿಗೆ ಇಟ್ಟು ಹೋಗಿದ್ದ.

"ಇಲ್ಲ" ಎಂದರು ಸಾಹೇಬರು. "ನಾನು ಅವನಿಗೆ ದಂಡ ಅಂದೆ. ಈ ಮಾತು ಅಂದಿದ್ದು ಅವನು." ಪರದೆಯ ಹಿಂದೆ ಬಳೆಯ ಸದ್ದಾಯಿತು. "ಇವತ್ತು ನಾನು ಅಂತೀನಿ, ಕೇಳಿಸ್ಕೋ. ಹುಟ್ಟೋ ಮಗು ಯಾವುದೇ ಆಗ್ಲಿ, ಶುದ್ಧವಾಗೇ ಹುಟ್ಟುತ್ತೆ. ಜಿನ್ನುಗಳಲ್ಲೂ ಅಲ್ಲಾಹನಿಗೆ ತಲೆ ಬಾಗೋರು ಇದಾರೆ ಅಂತ ನಿಂಗೆ ಪಾಠ ಹೇಳ್ದೋನು ಯಾರೋ? ನಾನೇ ಅಲ್ವಾ? ಟೈಲ್ಸ್ ಮಾರ್ತಾ ಮಾರ್ತಾ ತಲೆಗೂ ಟೈಲ್ಸ್ ಹಾಕಿಸ್ಕೊಂಡ್ಯಾ? ಯಾರೋ ಅಚ್ಚು ಹಾಕಿಸಿದ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಮಗು ಕೊಲ್ಲೋಕೆ ಹೊರಟ ಮಹಾವೀರ! ಬಟ್ಟೆ ಬಿಡು. ಕೂತ್ಕೊಂಡು ಓದು."

ಖಲೀಲ್ ಬಟ್ಟೆ ಬಿಟ್ಟ. ಮೂಗರಳಿಸುತ್ತಿದ್ದವನೂ ತಲೆ ತಗ್ಗಿಸಿದ.

ಮನೋಹರ್ ಬಗ್ಗಿ ರಾಶಿಯೊಳಗೆ ಬೆರಳಾಡಿಸಿ ತೀರ ಸಣ್ಣದೊಂದು ಬೀಜ ಹುಡುಕಿ ಸಾಹೇಬರ ಅಂಗೈಯಲ್ಲಿಟ್ಟ. ಅದಕ್ಕೆ ಬಿಳಿಯ ಎರಡು ಚುಕ್ಕೆಯ ಕಣ್ಣು ಮಾತ್ರ.

"ಇದೇ ಅಂಕಲ್, ಆ ಮಗು. ಇದಕ್ಕೆ ಕೋರೆ ಬರೀಲಿಲ್ಲ ಅವನು."

ಸಾಹೇಬರು ಅದನ್ನು ಬೆಳಕಿಗೆ ಹಿಡಿದರು. ಒಮ್ಮೆ ನೋಡಿದರು. ತಿರುಗಿಸಿ ಇನ್ನೊಮ್ಮೆ ನೋಡಿದರು. ಕಲಿಮಾ ಓದಿ, ಓದಿದ ಬೀಜಗಳ ನಡುವೆ ಮೆಲ್ಲಗೆ ಇಟ್ಟು, ಎರಡೂ ಕೈ ಎತ್ತಿದರು.

"ಯಾ ರಬ್, ನನ್ನ ಮಗ ನನಗೋಸ್ಕರ ಒಂದು ಸುಳ್ಳು ಹೇಳಿದ್ದಾನೆ. ಅದರ ಭಾರ ನನ್ನ ಮೇಲಿರಲಿ, ಅವನನ್ನು ಅದಕ್ಕಾಗಿ ಕೇಳಬೇಡ. ಅವನ ಗೋರಿಯನ್ನು ಅಗಲ ಮಾಡು, ಅಲ್ಲಿ ಬೆಳಕಿಡು. ನನ್ನ ಅರ್ಮಾನ್ ನೆಮ್ಮದಿಯಾಗಿ ಮಲಗಲಿ. ಆಮೀನ್."