ಅಳಿಯ ಎಂಬ ಯಂತ್ರ

ನಮ್ಮ ನೌಕಾಪಡೆಯ ಬಳಿ ನೀರಿನಡಿ ಆಳಿಲ್ಲದೆ ಓಡಾಡುವ ಯಂತ್ರ ಇದ್ದದ್ದು ಒಂದೇ ಒಂದು. ಕಟ್ಟಿದವಳು ನಾನು. ಅಳಿಯ ಎಂದು ಹೆಸರಿಟ್ಟವರು ಡೈವರ್‌ಗಳು. ಮೇಲೆ ಬಂದ ಕೂಡಲೇ ಒರೆಸಬೇಕು, ಬಿಸಿಲು ಬಿದ್ದರೆ ಬಟ್ಟೆ ಹೊದಿಸಬೇಕು, ಕೆಲಸ ಮಾತ್ರ ಅಪರೂಪಕ್ಕೊಮ್ಮೆ. ಉಳಿದ ದಿನ ನೀರಿನಡಿಯ ಬಾಂಬುಗಳನ್ನು ಸಿಡಿಸಲು ಅವುಗಳ ಹತ್ತಿರ ಹೋಗುತ್ತಿದ್ದವರು ಆ ಡೈವರ್‌ಗಳೇ. ಅವರಲ್ಲಿ ನನ್ನ ತಮ್ಮನೂ ಒಬ್ಬ. ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೆಳಿಗ್ಗೆ ಬಂದರಿನ ಬಾಯಲ್ಲಿ ಹಳೆಯ ಯುದ್ಧದ ಬಾಂಬೊಂದು ಪತ್ತೆಯಾಗಿತ್ತು. ಅಳಿಯನ ಹೊಟ್ಟೆಗೆ ಸ್ಫೋಟಕ ಕಟ್ಟಿ, ಉದ್ದನೆಯ ತಂತಿಯ ಜೊತೆ ಇಳಿಸಿದೆವು. ಸ್ಫೋಟಕವನ್ನು ಬಾಂಬಿನ ಪಕ್ಕ ಇಟ್ಟು ಅವನು ವಾಪಸು ಬರಬೇಕು, ನಾವು ದೋಣಿಯಿಂದ ಸಿಡಿಸಬೇಕು. ಪಕ್ಕದವರೆಗೇನೋ ಹೋದ. ಸ್ಫೋಟಕ ಕಳಚುವ ಮೊದಲೇ ಅಲ್ಲಿದ್ದ ಹರಕು ಬಲೆಯೊಂದಕ್ಕೆ ಸಿಕ್ಕಿಕೊಂಡ. ಅವನ ಕ್ಯಾಮೆರಾದಿಂದ ಬಲೆಯೂ ಬಾಂಬೂ ದೋಣಿಯ ಪರದೆಯ ಮೇಲೆ ಚೆನ್ನಾಗಿ ಕಾಣುತ್ತಿದ್ದವು.

"ಇರೋದು ಇದೊಂದೇ," ಎಂದರು ಕಮಾಂಡರ್. "ಯಾರಾದ್ರೂ ಇಳಿದು ಬಲೆ ಕತ್ತರಿಸಿ ಬಿಡಿಸ್ಕೊಂಡು ಬನ್ನಿ."

ನೋಡಿದರೆ ತಮ್ಮ ಆಗಲೇ ಸೂಟಿನ ಜಿಪ್ ಎಳೆಯುತ್ತಿದ್ದ. ಮನುಷ್ಯ ಹೋಗಬಾರದೆಂದು ಮಾಡಿದ ಯಂತ್ರವನ್ನು ಕರೆತರಲು ಮನುಷ್ಯ ಹೊರಟಿದ್ದ. ಅದರಲ್ಲಿ ಯಾರಿಗೂ ತಪ್ಪೇ ಕಾಣಲಿಲ್ಲ.

"ಸರ್, ಅದು ಇದ್ದಲ್ಲೇ ಇರ್ಲಿ. ಸಿಡಿಸಿಬಿಡೋಣ," ಎಂದೆ.

"ತಲೆ ಕೆಟ್ಟಿದೆಯಾ ನಿಮಗೆ? ಇನ್ನೊಂದು ಎಲ್ಲಿದೆ?"

"ಇಲ್ಲ. ಅದಕ್ಕೇ ಹೇಳ್ತಿದೀನಿ. ಒಂದೇ ಇದ್ರೆ ಅದನ್ನ ಉಳಿಸೋಕೆ ಜನರನ್ನ ಕಳಿಸ್ತೀರಿ. ಹತ್ತಿದ್ರೆ ಕಳಿಸಲ್ಲ. ನಾಳೆಯಿಂದ ಸಾದಾ ಯಂತ್ರ ಮಾಡ್ತೀನಿ. ಒರೆಸೋದೂ ಬೇಡ, ಹೊದಿಸೋದೂ ಬೇಡ. ಹೋದ್ರೆ ಹೋಯ್ತು ಅನ್ನೋ ಹಾಗಿರ್ಬೇಕು."

"ನಿಮ್ಮ ತಮ್ಮ ಅಂತ ಹೀಗೆ ಹೇಳ್ತಿದೀರಾ?"

"ಹೌದು. ಬೇರೆಯವರ ತಮ್ಮ ಆಗಿದ್ರೂ ಇದನ್ನೇ ಹೇಳ್ತಿದ್ದೆ. ಇಷ್ಟು ಜೋರಾಗಿ ಹೇಳ್ತಿರ್ಲಿಲ್ಲ ಅಷ್ಟೆ."

ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಕಮಾಂಡರ್ ದೋಣಿಯನ್ನು ದೂರ ಸರಿಸಲು ಹೇಳಿದರು.

ಗುಂಡಿ ಒತ್ತಿದವಳು ನಾನೇ. ನೀರು ಮನೆಯೆತ್ತರ ಎದ್ದು ಬಿತ್ತು, ಪರದೆ ಕಪ್ಪಾಯಿತು. ಬೇಸರವಾಯಿತು, ಸುಳ್ಳೇಕೆ ಹೇಳಲಿ. ವರ್ಷಗಟ್ಟಲೆ ಕೂತು ಕಟ್ಟಿದ್ದು ಅದು.

ತಮ್ಮ ಇನ್ನೂ ಒದ್ದೆಯಾಗದ ಸೂಟಿನಲ್ಲೇ ಮುಖ ಊದಿಸಿಕೊಂಡು ಕುಳಿತಿದ್ದ.

"ಎಲ್ಲರೆದುರು ನನ್ನ ಮರ್ಯಾದೆ ತೆಗೆದೆಯಲ್ಲ ಅಕ್ಕ. ನಾನು ಹೋಗಿ ಬಂದುಬಿಡ್ತಿದ್ದೆ."

"ತೆಗೆದೆ," ಎಂದೆ. "ಸಂಜೆ ಮನೆಗೆ ಬಂದು ಎಷ್ಟು ಬೇಕೋ ಅಷ್ಟು ಜಗಳ ಆಡು. ಬರ್ತೀಯಲ್ಲ, ನನಗೆ ಅಷ್ಟೇ ಬೇಕಾಗಿದ್ದು."