ಮಿಷನ್ ಕೆಟ್ಟಿದೆ ಅಂದಳು ಮಂಜುಳಮ್ಮ

೧.
ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಮೇಟಗಳ್ಳಿಯ ಕಾರ್ಖಾನೆ ಸೈರನ್ ಇತ್ತು, ಮೋಡ ಇತ್ತು, ಕಿಟಕಿಯಲ್ಲಿ ಒಂದು ಕಾಗೆಯೂ ಇತ್ತು. ಓದಿ ನೋಡಿದ ಶಾಲಿನಿ ಕೇಳಿದ್ದು ಒಂದೇ ಮಾತು: "ಅಲ್ಲಿ ಒಬ್ಬರ ಜೀವ ಹೋಗ್ತಿದೆ, ನೀವು ಕಾಗೆ ಬರೀತಾ ಕೂತಿದ್ದೀರಾ?"

ಕಾಗೆಯನ್ನು ಹೊಡೆದುಹಾಕಿದ್ದೇನೆ. (ಪದವನ್ನು. ಹಕ್ಕಿಯನ್ನಲ್ಲ.)

೨.
ಶಾಲಿನಿ ನರ್ಸು. ಇಪ್ಪತ್ತೆರಡು ವರ್ಷ ವಾರ್ಡುಗಳಲ್ಲಿ ಓಡಾಡಿ, ಮಂಡಿ ಸವೆದ ಮೇಲೆ, ಈಗ ಮೇಟಗಳ್ಳಿಯ ಒಂದು ಮಹಡಿ ಕೋಣೆಯಲ್ಲಿ ಸ್ಕ್ರೀನಿನ ಮುಂದೆ ಕೂತಿದ್ದಾಳೆ. ಸುತ್ತಲ ಹಳ್ಳಿಗಳ ಆರು ವೃದ್ಧಾಶ್ರಮಗಳಿಗೆ ಹೊಸ ಯೋಜನೆಯೊಂದರಲ್ಲಿ ಒಂದೊಂದು ಟ್ಯಾಬ್ ಕೊಟ್ಟಿದ್ದಾರೆ. ಅಲ್ಲಿ ನರ್ಸ್ ಇಲ್ಲ, ಆಯಾಗಳಿದ್ದಾರೆ. ಏನಾದರೂ ಆದರೆ ಅವರು ವಿಡಿಯೋ ಕಾಲ್ ಮಾಡಬೇಕು, ಇವಳು ನೋಡಿ ಹೇಳಬೇಕು. ಅವಳು ಈ ಕೆಲಸಕ್ಕೆ ಸೇರಿದ ಹನ್ನೊಂದನೇ ದಿನ, ಬೆಳಿಗ್ಗೆ ಹತ್ತೂ ಹತ್ತಕ್ಕೆ, ಸರಗೂರಿನ ಕಡೆಯ ಆಶ್ರಮದಿಂದ ಆಯಾ ಮಂಜುಳಮ್ಮನ ಕಾಲ್ ಬಂತು.

"ಸಿಸ್ಟರ್, ಸಿದ್ದಲಿಂಗಮ್ಮೋರು ಏಳ್ತಾನೇ ಇಲ್ಲ. ಕರೆದ್ರೆ ಊಂ ಅಂತಾರೆ, ಅಷ್ಟೇಯ."

ಸಿದ್ದಲಿಂಗಮ್ಮನಿಗೆ ಎಪ್ಪತ್ನಾಲ್ಕು. ಲಷ್ಕರ್ ಮೊಹಲ್ಲಾದಲ್ಲಿ ಮೂವತ್ತು ವರ್ಷ ವಿಭೂತಿ, ಊದುಬತ್ತಿ ಮಾರಿದವರು. ಸಕ್ಕರೆ ಕಾಯಿಲೆ ಇದೆ.

"ಶುಗರ್ ನೋಡಿದ್ರಾ?"

"ಮಿಷನ್ ಕೆಟ್ಟಿದೆ ಸಿಸ್ಟರ್. ನಂಬರೇ ಬರ್ತಿಲ್ಲ."

"ಸರಿ ಬಿಡಿ. ಬಿಪಿ ನೋಡಿ."

(ಓದುಗರೇ, ಈ "ಸರಿ ಬಿಡಿ"ಯನ್ನು ತೆಗೆದುಬಿಡೋಣ ಅಂತ ಮೂರು ಸಲ ಕೈಹಾಕಿದೆ. ಶಾಲಿನಿ ಬಿಡಲಿಲ್ಲ. "ಅಂದಿದ್ದು ಅಂದಿದ್ದೇ, ಇರಲಿ" ಅಂದಳು.)

೨, ಮತ್ತೊಮ್ಮೆ.
ಇಲ್ಲಿ ನೆಟ್‌ವರ್ಕ್ ಕಡಿದುಹೋಗಬೇಕು ಅಂತ ನನ್ನಾಸೆ. ಸ್ಕ್ರೀನ್ ನಿಲ್ಲುತ್ತದೆ, ಸುರುಳಿ ತಿರುಗುತ್ತದೆ, ನಿಮ್ಮ ಎದೆ ಢವಢವ. ಆದರೆ ಅವತ್ತು ನೆಟ್‌ವರ್ಕಿಗೆ ಏನೂ ಆಗಿರಲಿಲ್ಲ. ಗೋಡೆ ಮೇಲಿನ ಕ್ಯಾಲೆಂಡರಿನ ತಾರೀಕೂ ಓದಬಹುದಿತ್ತು. ಸಂಕಟವೇ ಅದು. ಎಲ್ಲ ಕಾಣುತ್ತಿತ್ತು.

ಬಿಪಿ ಪರವಾಗಿಲ್ಲ. ಜ್ವರ ಇಲ್ಲ. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ ತೊಂಬತ್ತೇಳು. ಡಾಕ್ಟರಿಗೆ ಶಾಲಿನಿ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಆಂಬುಲೆನ್ಸ್ ಕರೆಸೋಣವೇ? ಹೋದ ವಾರ ಎದೆನೋವು ಅಂದವರೊಬ್ಬರಿಗೆ ಕರೆಸಿದ್ದಳು, ಗ್ಯಾಸ್ಟ್ರಿಕ್ ಅಂತ ವಾಪಸ್ ಕಳಿಸಿದ್ದರು. ಯೋಜನೆಯ ಮ್ಯಾನೇಜರ್ ಶಿವಪ್ರಕಾಶ್ ನಗುತ್ತಲೇ ಅಂದಿದ್ದರು: "ಎಲ್ರನ್ನೂ ಆಸ್ಪತ್ರೆಗೇ ಕಳಿಸೋದಾದ್ರೆ ನೀವ್ಯಾಕೆ ಸಿಸ್ಟರ್?" ಆ ನಗು ಇನ್ನೂ ಚುಚ್ಚುತ್ತಿತ್ತು. "ಒಂದು ಗಂಟೆ ನೋಡೋಣ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು.

ಆಗ ಮಂಜುಳಮ್ಮ ತನ್ನ ಸೆರಗಿನಿಂದ ಸಿದ್ದಲಿಂಗಮ್ಮನ ಹಣೆ ಒರೆಸಿದಳು.

"ಅದೇನು, ಬೆವರಾ?"

"ಊಂ, ಆಗ್ಲಿಂದ ಒರೆಸ್ತಾನೇ ಇವ್ನಿ. ಮೈ ನೋಡಿದ್ರೆ ತಣ್ಣಗದೆ."

ಶಾಲಿನಿ ಕುರ್ಚಿಯಿಂದ ಎದ್ದೇಬಿಟ್ಟಳು. "ಬೆಳಿಗ್ಗೆ ಶುಗರ್ ಮಾತ್ರೆ ಕೊಟ್ರಾ? ತಿಂಡಿ?"

"ಮಾತ್ರೆ ನುಂಗುದ್ರು. ಉಪ್ಪಿಟ್ಟು ಬ್ಯಾಡ ಅಂದ್ರು."

"ಮಿಷನ್ ಕೆಟ್ಟಿದೆ ಅಂದ್ರಲ್ಲ, ಅದರಲ್ಲಿ ಏನ್ ಕಾಣಿಸ್ತಿದೆ? ಇನ್ನೊಂದು ಸಲ ಚುಚ್ಚಿ, ಕ್ಯಾಮೆರಾ ಮುಂದೆ ಹಿಡೀರಿ."

ಹಿಡಿದಳು. ಎರಡೇ ಅಕ್ಷರ. ಎಲ್, ಓ.

ಮಿಷನ್ ಕೆಟ್ಟಿರಲಿಲ್ಲ. ರಕ್ತದಲ್ಲಿ ಸಕ್ಕರೆ ಅಳೆಯಲಾಗದಷ್ಟು ಇಳಿದಿದೆ ಅಂತ ಕೂಗಿ ಹೇಳುತ್ತಿತ್ತು, ಇಂಗ್ಲಿಷಿನಲ್ಲಿ. ಗಡಿಯಾರದಲ್ಲಿ ಹತ್ತೂ ಹದಿನೇಳು. ಏಳು ನಿಮಿಷ ಹೋಗಿತ್ತು.

೪.
(ಮೂರು ಎಲ್ಲಿ ಅಂತ ಕೇಳಬೇಡಿ. ಅದರಲ್ಲಿ ಶಾಲಿನಿಯ ಬಾಲ್ಯ ಇತ್ತು. ಈಗ ಅದಕ್ಕೆಲ್ಲ ಪುರುಸೊತ್ತಿಲ್ಲ.)

ಶುಗರ್ ಇಳಿದಿದೆ ಅಂತ ಶಾಲಿನಿ ಹೇಳಿದ್ದೇ ತಡ, ಮಂಜುಳಮ್ಮ ಸಕ್ಕರೆ ನೀರಿನ ಲೋಟ ಹಿಡಿದು ಓಡಿಬಂದಳು.

"ಬಾಯಿಗೆ ಸುರೀಬೇಡಿ! ಮಂಪರಲ್ಲಿದ್ದಾರೆ, ಶ್ವಾಸಕ್ಕೆ ಹೋಗುತ್ತೆ. ಲೋಟ ಕೆಳಗಿಡಿ, ಮಂಜುಳಮ್ಮ, ಕೆಳಗಿಡಿ. ಅವರನ್ನ ಪಕ್ಕಕ್ಕೆ ಹೊರಳಿಸಿ. ಬೆರಳು ಒದ್ದೆ ಮಾಡ್ಕೊಂಡು, ಸಕ್ಕರೇಲಿ ಅದ್ದಿ, ಕೆನ್ನೆ ಒಳಗಡೆ ಸವರಿ. ಸ್ವಲ್ಪ ಸ್ವಲ್ಪ."

"ಜೊಲ್ಲಲ್ಲಿ ಆಚೆಗೇ ಬರ್ತದೆ ಸಿಸ್ಟರ್."

"ಬರಲಿ. ಸವರ್ತಾ ಇರಿ."

ಇನ್ನೊಂದು ಫೋನಿನಲ್ಲಿ ಶಾಲಿನಿ ಆಂಬುಲೆನ್ಸಿಗೆ ದಾರಿ ಹೇಳಿದಳು. ಬರಲು ಮೂವತ್ತೈದು ನಿಮಿಷವಂತೆ. ಮಂಜುಳಮ್ಮ ಸವರುತ್ತಲೇ ಇದ್ದಳು. ಹದಿನೈದನೇ ನಿಮಿಷಕ್ಕೆ ಸಿದ್ದಲಿಂಗಮ್ಮ ಕಣ್ಣು ಬಿಟ್ಟು, ಬಾಯೊಳಗಿದ್ದ ಬೆರಳನ್ನು ಕಚ್ಚಿದರು. ಮಂಜುಳಮ್ಮ ಅಯ್ಯೋ ಅಂತ ಕಿರುಚಿದಳು. ಮೇಟಗಳ್ಳಿಯ ಕೋಣೆಯಲ್ಲಿ ಶಾಲಿನಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

೫.
ಇಲ್ಲಿಗೇ ನಿಲ್ಲಿಸಿದ್ದರೆ ನಿಮಗೂ ಹಿತ, ನನಗೂ ಸಲೀಸು. ಆದರೆ ಸಂಜೆ ರಿಪೋರ್ಟ್ ಬರೆಯಬೇಕಿತ್ತು.

"ಆಯಾಗೆ ಮಿಷನ್ ಓದೋಕೆ ಬರಲಿಲ್ಲ ಅಂತ ಹಾಕಿ, ನಿಜಾನೇ ತಾನೆ?" ಅಂದರು ಶಿವಪ್ರಕಾಶ್.

"ಎಲ್‌ಓ ಅಂದ್ರೇನು ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ರು ಸರ್? ಏನ್ ಕಾಣಿಸ್ತಿದೆ ಅಂತ ನಾನೇ ಕೇಳಲಿಲ್ಲ."

"ಹೀಗೆ ಬರೆದ್ರೆ ಯೋಜನೆನೇ ನಿಂತುಹೋಗಬಹುದು, ಸಿಸ್ಟರ್."

ನಾನು ಶಿವಪ್ರಕಾಶರ ಪಕ್ಷ. ನನ್ನ ಕಥೆಯಲ್ಲೂ ನಾಯಕಿ ತಪ್ಪು ಮಾಡಬಾರದು. ಶಾಲಿನಿ ನಮ್ಮಿಬ್ಬರ ಮುಖವನ್ನೂ ನೋಡದೆ ಟೈಪ್ ಮಾಡಿದಳು: "ಏಳು ನಿಮಿಷ ತಡವಾಯಿತು. ನಾನು ಕೇಳಲಿಲ್ಲ."

೬.
ಮುಕ್ತಾಯ ಒಂದು: ಯೋಜನೆ ನಿಲ್ಲುತ್ತದೆ. ಮುಕ್ತಾಯ ಎರಡು: ಎಲ್ಲ ಆಯಾಗಳಿಗೂ ತರಬೇತಿ ಕೊಡುತ್ತಾರೆ, ಶಾಲಿನಿಗೆ ಶಾಲು ಹೊದಿಸುತ್ತಾರೆ. ಎರಡನ್ನೂ ಹರಿದೆ. ಮೇಲಿನವರ ತೀರ್ಮಾನ ಇನ್ನೂ ಬಂದಿಲ್ಲ. ಸಿದ್ದಲಿಂಗಮ್ಮ ನಾಲ್ಕನೇ ದಿನ ಆಸ್ಪತ್ರೆಯಿಂದ ಆಶ್ರಮಕ್ಕೆ ವಾಪಸಾದರು, ಮಾತು ಮಾತ್ರ ಕೊಂಚ ನಿಧಾನ. ಅದು ವಯಸ್ಸೋ, ಆ ಏಳು ನಿಮಿಷವೋ, ಡಾಕ್ಟರು ಹೇಳಲಿಲ್ಲ.

ಭಾನುವಾರ ಶಾಲಿನಿ ಬಸ್ಸು ಹತ್ತಿ ಅಲ್ಲಿಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಮಂಜುಳಮ್ಮ ಸ್ಕ್ರೀನಿನಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದಳು.

"ಬೈಯಕ್ಕೆ ಬಂದ್ರಾ ಸಿಸ್ಟರ್? ಕೆಲ್ಸದಿಂದ ತೆಗೀತಾರೆ ಅಂತ ಉಣ್ಣಕ್ಕೇ ಆಗಿಲ್ಲ."

"ಇಲ್ಲ ಕಣಮ್ಮ. ತಪ್ಪು ನಂದು ಅಂತ ಹೇಳೋಕೆ ಬಂದೆ."

ಮಂಜುಳಮ್ಮ ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. (ಕೇಳಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.) ಒಂದು ಕುರ್ಚಿ ತಂದು ಸಿದ್ದಲಿಂಗಮ್ಮನ ಮಂಚದ ಪಕ್ಕ ಹಾಕಿದಳು, ಅಷ್ಟೇ.

ಶಾಲಿನಿ ಕೂತು, ಮುದುಕಿಯ ಮಣಿಕಟ್ಟಿನಲ್ಲಿ ನಾಡಿ ಹಿಡಿದು, ವಾಚು ನೋಡತೊಡಗಿದಳು.

"ಮೇಡಂ, ಇಲ್ಲಿಗೆ ಮುಗಿಸಲಾ?" ಅಂದೆ.

"ಶ್," ಅಂದಳು, "ಇನ್ನೂ ಎಣಿಸ್ತಾ ಇದ್ದೀನಿ."